ಹಾರ್ಡ್‌ಬೂಟಾ, ಸಾಫ್ಟ್‌ಬೂಟಾ? ಎರಡು ಚಳಿಗಾಲ, ಒಂದು ಚಮಚ

ಎರಡೂ ಪಾದ ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಇಳಿಯುವ ಸ್ನೋಬೋರ್ಡ್‌ನಲ್ಲಿ ಕಾರ್ವಿಂಗ್ ಮಾಡೋದಕ್ಕೆ ಗಟ್ಟಿ ಪ್ಲಾಸ್ಟಿಕ್ ಬೂಟು (ಹಾರ್ಡ್‌ಬೂಟ್) ಒಳ್ಳೆಯದಾ, ಮೆತ್ತನೆ ಬೂಟು (ಸಾಫ್ಟ್‌ಬೂಟ್) ಒಳ್ಳೆಯದಾ? ಮೊದಲೇ ಹೇಳಿಬಿಡುತ್ತೇನೆ, ಈ ಹೋಲಿಕೆಯಲ್ಲಿ ನಾನು ಮಧ್ಯಸ್ಥನಲ್ಲ. ಅಗಲದ ಬೋರ್ಡು, ಸಾಫ್ಟ್‌ಬೂಟು ನನ್ನ ಮಟ್ಟಿಗೆ ಗೆದ್ದಾಗಿದೆ. 600 ಡಾಲರ್ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಹಾರ್ಡ್‌ಬೂಟ್ ಸೆಟ್ಟು ಈಗ ಗ್ಯಾರೇಜಿನಲ್ಲಿ ಅಕ್ಕಿ ಚೀಲದ ಪಕ್ಕ ಗೋಡೆಗೆ ಒರಗಿಕೊಂಡಿದೆ. ಆದರೂ ಅದನ್ನು ಬೈಯುವುದಕ್ಕೇ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಒಂದು ವಿಷಯದಲ್ಲಿ ಅದರ ಮುಂದೆ ಯಾವುದೂ ನಿಲ್ಲಲ್ಲ. ಅದನ್ನೂ ಹೇಳುತ್ತೇನೆ.

ಕಾರ್ವಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯವಾಗಿ ಸ್ನೋಬೋರ್ಡ್‌ನಲ್ಲಿ ತಿರುಗುವಾಗ ಬೋರ್ಡು ಅಡ್ಡಡ್ಡ ಜಾರುತ್ತೆ, ಹಿಮ ಕೆರೆದುಕೊಂಡು ಹೋಗುತ್ತೆ. ಕಾರ್ವಿಂಗ್‌ನಲ್ಲಿ ಬೋರ್ಡನ್ನು ಪೂರ್ತಿ ಅಂಚಿನ ಮೇಲೆ ನಿಲ್ಲಿಸಬೇಕು. ಆಗ ಅದು ಜಾರಲ್ಲ, ತನ್ನ ಬಾಗಿನಲ್ಲೇ ತಿರುಗುತ್ತೆ. ಹಿಂದೆ ಉಳಿಯುವುದು ಚಾಕುವಿನಲ್ಲಿ ಕೊರೆದಂಥ ಒಂದೇ ಗೆರೆ. ಬೆಳಗ್ಗೆ ಮೊದಲ ಲಿಫ್ಟ್ (ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿ) ಹತ್ತಿ, ಯಂತ್ರ ಓಡಿಸಿ ಸಮ ಮಾಡಿದ, ಕುಂಟೆ ಹೊಡೆದ ಹೊಲದಂಥ ಹಿಮದ ಮೇಲೆ ಅಂಥ ಗೆರೆ ಎಳೆದು, ಮುಂದಿನ ಸಲ ಲಿಫ್ಟ್‌ನಲ್ಲಿ ಹೋಗುವಾಗ ಮೇಲಿಂದ ಅದನ್ನು ನೋಡಬೇಕು. ಚಟ ಹತ್ತೋದು ಅಲ್ಲೇ.

ನನ್ನ ತೊಂದರೆ ಪಾದದಿಂದ ಶುರುವಾಯಿತು. ಅಮೆರಿಕದ ಲೆಕ್ಕದಲ್ಲಿ ನನ್ನದು 11ನೇ ಸೈಜು. ಬೂಟಿನ ಹೊರಗಿನ ಉದ್ದ ಟೇಪ್ ಹಿಡಿದು ಅಳೆದರೆ 31.5 ಸೆಂ.ಮೀ. ಹಳೇ ಬೋರ್ಡಿನ ನಡುವಿನ ಅಗಲ 25.5. ಅದರ ಮೇಲೆ ಎರಡೂ ಪಾದ ಬಾತುಕೋಳಿ ಹಾಗೆ 15 ಡಿಗ್ರಿ ಹೊರಕ್ಕೆ. ಲೆಕ್ಕ ಹಾಕಿ ನೋಡಿ, ಬೋರ್ಡಿಗೆ ಅಡ್ಡಲಾಗಿ ಬೂಟು ಸುಮಾರು 30 ಸೆಂ.ಮೀ. ಜಾಗ ಹಿಡಿಯುತ್ತೆ. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗ್ ಕೂರುವ ಕಡೆ ಬೋರ್ಡು ಸ್ವಲ್ಪ ಅಗಲವಾಗಿರುತ್ತೆ ಅಂದರೂ ಎರಡೂ ಕಡೆ ಹೆಚ್ಚುಕಮ್ಮಿ ಎರಡೆರಡು ಸೆಂ.ಮೀ. ಆಚೆ ಚಾಚಿರುತ್ತೆ. ಸುಮ್ನೆ ಜಾರಿಕೊಂಡು ಹೋಗುವವರಿಗೆ ಇದರಿಂದ ಏನೂ ಆಗಲ್ಲ. ಕಾರ್ವಿಂಗ್ ಅಂತ ಬಗ್ಗಿದಿರೋ, ಬೂಟಿನ ತುದಿ ಹಿಮಕ್ಕೆ ತಾಗಿ ಅಂಚು ಮೇಲೆದ್ದುಬಿಡುತ್ತೆ. ಇದಕ್ಕೆ ಬೂಟ್ ಔಟ್ ಅಂತಾರೆ. ನನಗೆ ಆ ಹೆಸರು ಗೊತ್ತಾದದ್ದು ಭುಜದ ಮೇಲೆ ಬಿದ್ದ ಮೇಲೆ. ಮೂರು ವಾರ ತಲೆ ಬಾಚಿಕೊಳ್ಳಲು ಎಡಗೈಯೇ ಗತಿ.

ಇದರಿಂದ ಪಾರಾಗಲು ಇರೋದು ಎರಡು ದಾರಿ. ಪಾದವನ್ನು ಮುಂದಕ್ಕೆ ತಿರುಗಿಸಬೇಕು, ಇಲ್ಲವೇ ಬೋರ್ಡನ್ನು ಅಗಲ ಮಾಡಬೇಕು. ಹಾರ್ಡ್‌ಬೂಟಿನವರು ಮೊದಲ ದಾರಿಯಲ್ಲಿ ಕೊನೆವರೆಗೂ ಹೋದವರು. ಸ್ಕೀ ಬೂಟಿನಂಥ ಗಟ್ಟಿ ಪ್ಲಾಸ್ಟಿಕ್ ಬೂಟು, ಪ್ಲೇಟ್ ಬೈಂಡಿಂಗ್, 60 ಡಿಗ್ರಿ ಕೋನ, 18ರಿಂದ 20 ಸೆಂ.ಮೀ. ಅಗಲದ ಉದ್ದನೆ ಬೋರ್ಡು. ಒಲಿಂಪಿಕ್ಸ್‌ನಲ್ಲಿ ಇಬ್ಬರು ಅಕ್ಕಪಕ್ಕ ಇಳಿಯುವ ಸ್ನೋಬೋರ್ಡ್ ರೇಸ್, ಪ್ಯಾರಲಲ್ ಜೈಂಟ್ ಸ್ಲಾಲಂನಲ್ಲಿ ಕಾಣೋದು ಇದೇ. 2018ರಲ್ಲಿ ಎಸ್ಟರ್ ಲೆಡೆಟ್ಸ್ಕಾ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಕೀಯಲ್ಲೂ ಸ್ನೋಬೋರ್ಡ್‌ನಲ್ಲೂ ಚಿನ್ನ ಗೆದ್ದರಲ್ಲ, ಅವರ ಕಾಲಲ್ಲಿದ್ದದ್ದು ಎರಡೂ ಸಲ ಗಟ್ಟಿ ಬೂಟೇ. ಸಾಫ್ಟ್‌ಬೂಟಿನವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾರೆ. ನನ್ನ ಈಗಿನ ಬೋರ್ಡಿನ ನಡು 27.5 ಸೆಂ.ಮೀ. ಮುಂದಿನ ಪಾದ 36 ಡಿಗ್ರಿ, ಹಿಂದಿನದು 27, ಎರಡೂ ಮುಂದಕ್ಕೇ. ಮೊದಲ ಎರಡು ದಿನ ಹಿಂದಿನ ಮಂಡಿ ಒಳಕ್ಕೆ ಎಳೆದ ಹಾಗೆ ಆಗುತ್ತೆ. ಆಮೇಲೆ ಮರೆತೇ ಹೋಗುತ್ತೆ.

ನಾನು ಮೊದಲು ಕೊಂಡದ್ದು ಹಾರ್ಡ್‌ಬೂಟ್. ಮಾರಿದವರು ಅರವತ್ತು ದಾಟಿದ ಸಂಭಾವಿತರು. ಮಂಡಿ ಆಪರೇಷನ್ ಆಗಿತ್ತು, ಅದಕ್ಕೇ ಕೊಡುತ್ತಿದ್ದರು. ಮೊದಲ ದಿನ ಏಪ್ರಿಲ್ ಬೆಳಗ್ಗೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಸಿಮೆಂಟಿನ ಹಾಗಿತ್ತು. ಹಳೇ ಬೋರ್ಡಿನಲ್ಲಿ ಇಂಥ ದಿನ ಹಲ್ಲು ಕಟಕಟ ಅನ್ನುವಷ್ಟು ನಡುಗುತ್ತಿತ್ತು. ಇದು ಕಚ್ಚಿ ಹಿಡಿಯಿತು. ಮೊಣಕಾಲಿನ ಕೆಳಗಿನ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿದರೆ ಸಾಕು, ಒತ್ತಿದ್ದು ಪೂರ್ತಿ ಅಂಚಿಗೇ ಹೋಗುತ್ತೆ, ನಡುವೆ ಎಲ್ಲೂ ಸೋರಲ್ಲ. ನಾನು ಹೇಳಿದ ಆ ಒಂದು ವಿಷಯ ಇದೇ. ಗಟ್ಟಿ ಹಿಮದ ಮೇಲೆ, ಖಾಲಿ ಇಳಿಜಾರಿನಲ್ಲಿ, ಹಾರ್ಡ್‌ಬೂಟಿಗೆ ಸಾಟಿ ಇಲ್ಲ. ನನ್ನ ಸಾಫ್ಟ್‌ಬೂಟು ಅದರ ಮುಕ್ಕಾಲು ಪಾಲು ಕೊಟ್ಟರೆ ಹೆಚ್ಚು.

ಇನ್ನು ಕ್ಲಿಪ್ಪಿನ ಕಥೆ.

ಪ್ಲೇಟ್ ಬೈಂಡಿಂಗ್‌ನಲ್ಲಿ ಹಿಂದೊಂದು ಉಕ್ಕಿನ ಕಂಬಿ, ಮುಂದೊಂದು ಕಂಬಿ, ಮುಂದಿನದಕ್ಕೆ ಒಂದು ಲಿವರ್. ಹಿಮ್ಮಡಿಯನ್ನು ಹಿಂದಿನ ಕಂಬಿಗೆ ಸಿಕ್ಕಿಸಿ, ಲಿವರನ್ನು ಬೂಟಿನ ತುದಿ ಮೇಲೆ ಟಕ್ ಅಂತ ಕೂರಿಸಬೇಕು. ಮನೆಯಲ್ಲಿ ಕಾರ್ಪೆಟ್ ಮೇಲೆ ಎರಡು ಸೆಕೆಂಡಿನ ಕೆಲಸ. ಬೆಟ್ಟದ ಮೇಲೆ ಹಾಗಲ್ಲ. ಸ್ನೋಬೋರ್ಡಿನವರು ಪ್ರತಿ ಸಲ ಲಿಫ್ಟ್ ಹತ್ತುವ ಮುಂಚೆ ಹಿಂದಿನ ಕಾಲು ಬಿಚ್ಚಲೇಬೇಕು. ಆ ಕಾಲು ಕ್ಯೂನಲ್ಲಿ ಹಿಮ ತುಳಿಯುತ್ತೆ. ಹಿಮ ಬೂಟಿನಡಿ ಅಂಟುತ್ತೆ. ಮೈನಸ್ 12ರಲ್ಲಿ ಹತ್ತು ನಿಮಿಷ ಲಿಫ್ಟ್‌ನಲ್ಲಿ ಕಾಲು ಇಳಿಬಿಟ್ಟು ಕೂತರೆ ಅದು ಹಿಮವಲ್ಲ, ಗಾಜು. ಅಂಗಾಲಿನಡಿ ಎರಡು ಮಿಲಿಮೀಟರ್ ಗಾಜಿದ್ದರೂ ಲಿವರ್ ಕೂರಲ್ಲ. ಸಾಫ್ಟ್‌ಬೂಟಿನಲ್ಲಿ ಇದು ತೊಂದರೆಯೇ ಅಲ್ಲ, ಪಟ್ಟಿಯನ್ನು ಒಂದು ಹಲ್ಲು ಸಡಿಲ ಬಿಟ್ಟರೆ ಮುಗೀತು.

ಕೊಲೊರಾಡೊದ ಲವ್‌ಲ್ಯಾಂಡ್ ಸ್ಕೀ ರೆಸಾರ್ಟ್‌ನಲ್ಲಿ ಒಂದು ಭಾನುವಾರ. ಗಾಳಿ ಬೀಸುತ್ತಿದೆ. ಮಗಳು ಸ್ಕೀ ಮಾಡುತ್ತಾಳೆ. ಅವಳಿಗೆ ಲಿಫ್ಟ್ ಇಳಿದರೆ ಹೋಗೋದೇ, ಕಟ್ಟೋದೂ ಇಲ್ಲ, ಬಿಚ್ಚೋದೂ ಇಲ್ಲ. ನಾನು ಒಂಟಿ ಕಾಲಲ್ಲಿ ಬಗ್ಗಿ, ಗ್ಲೌಸ್ ಬಾಯಲ್ಲಿ ಕಚ್ಚಿ, ಕಾರಿನ ಕೀಯಿಂದ ಬೂಟಿನಡಿ ಕೆರೆಯುತ್ತಿದ್ದೇನೆ.

“ಅಪ್ಪಾ, ಆಯ್ತಾ?”

“ಒಂದ್ನಿಮಿಷ ಪುಟ್ಟಿ.”

“ಆಗ್ಲೇ ಒಂದ್ನಿಮಿಷ ಅಂದ್ಯಲ್ಲ.”

ಅವತ್ತು ಹನ್ನೊಂದು ಸಲ ಲಿಫ್ಟ್ ಹತ್ತಿದೆವು. ಹನ್ನೊಂದು ಸಲವೂ ಇದೇ ಸಂಭಾಷಣೆ. ಕೀ ಬಗ್ಗುವ ಹಾಗಾಯಿತು. ಮುಂದಿನ ವಾರ ಅಡುಗೆಮನೆಯಿಂದ ಒಂದು ಸ್ಟೀಲ್ ಚಮಚ ಜೇಬಿಗಿಳಿಸಿದೆ. ಹಿಡಿಯ ಮೇಲೆ ಅತ್ತೆಯವರ ಹೆಸರಿನ ಮೊದಲಕ್ಷರ ಕೊರೆಸಿದ ಗಟ್ಟಿ ಚಮಚ, ಊರಿಂದ ಬಂದದ್ದು. ಕೆರೆಯೋದಕ್ಕೆ ಇದಕ್ಕಿಂತ ಒಳ್ಳೆ ಸಾಧನ ಇಲ್ಲ, ನಿಜ. ಅಂಟದ ಹಾಗೆ ಬೂಟಿನಡಿ ಕೊಬ್ಬರಿ ಎಣ್ಣೆ ಹಚ್ಚಿಯೂ ನೋಡಿದೆ. ಚಳಿಗಾಲದಲ್ಲಿ ಬಚ್ಚಲುಮನೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ, ಬೆಟ್ಟದ ಮೇಲೆ ಏನಾಗುತ್ತೆ ಅಂತ ಯೋಚಿಸಬೇಕಿತ್ತು. ಹಿಮದ ಮೇಲೆ ಮೇಣ ಸೇರಿತು ಅಷ್ಟೆ. ಕಾಲಿಟ್ಟರೆ ತಾನೇ ಕಚ್ಚಿಕೊಳ್ಳುವ ಸ್ಟೆಪ್-ಇನ್ ಹಿಮ್ಮಡಿಯೂ ಸಿಗುತ್ತೆ. ಒಬ್ಬರದ್ದು ಇಸಕೊಂಡು ಹಾಕಿ ನೋಡಿದೆ. ಅದರ ತೂತಿಗೂ ಹಿಮ ತುಂಬಿಕೊಳ್ಳುತ್ತೆ.

ಕೆರೆಯೋದು ಬರೀ ಕಿರಿಕಿರಿ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಫೆಬ್ರವರಿಯಲ್ಲಿ ಒಂದು ದಿನ ಲಿವರ್ ಕೂತ ಹಾಗೆ ಕಂಡಿತು, ಆದರೆ ಕೆಳಗೆ ಮಂಜುಗಡ್ಡೆ ಇತ್ತು. ಮೂರನೇ ತಿರುವಿನಲ್ಲಿ ಕ್ಲಿಪ್ ಹಾರಿತು. ಹಿಂದಿನ ಕಾಲು ಗಾಳಿಯಲ್ಲಿ, ಮುಂದಿನ ಕಾಲು 171 ಸೆಂ.ಮೀ. ಬೋರ್ಡಿಗೆ ಭದ್ರ. ಕುಂಡೆ ಮೇಲೆ ಕೂತುಬಿಟ್ಟೆ, ಮಂಡಿ ಉಳಿಯಿತು. ಅದೇ ರಾತ್ರಿ ಅಗಲದ ಬೋರ್ಡು ಹುಡುಕಲು ಶುರು ಮಾಡಿದೆ.

ಉಳಿದ ವಿಷಯಗಳು ಚಿಕ್ಕವು. ನಡೆಯೋದಕ್ಕೆ ಸಾಫ್ಟ್‌ಬೂಟೇ. ಮಗಳ ಸ್ಕೀ, ನನ್ನ ಬೋರ್ಡು, ಚಿತ್ರಾನ್ನದ ಡಬ್ಬಿ ಹೊತ್ತುಕೊಂಡು ಪಾರ್ಕಿಂಗ್‌ನಿಂದ ಪ್ಲಾಸ್ಟಿಕ್ ಬೂಟಿನಲ್ಲಿ ಬಂದವರಿಗೆ ಗೊತ್ತು. ಒಂಟಿ ಕಾಲಲ್ಲಿ ತಳ್ಳಿಕೊಂಡು ಹೋಗೋದಕ್ಕೆ ಮಾತ್ರ, ಆಶ್ಚರ್ಯ, ಹಾರ್ಡ್‌ಬೂಟೇ ಸಲೀಸು: ಪಾದ ಮುಂದಕ್ಕಿರುತ್ತೆ, ಮಂಡಿ ತಿರುಚಲ್ಲ. ತಾಜಾ ಹಿಮ ಒಂದು ಅಡಿ ಬಿದ್ದ ದಿನ ಕಿರಿದಾದ ಬೋರ್ಡು ಮುಳುಗುತ್ತೆ, ಅಗಲದ್ದು ತೇಲುತ್ತೆ. ಸಾಫ್ಟ್‌ಬೂಟು ಮೂರನೇ ಸೀಸನ್‌ಗೆ ಮೆತ್ತಗಾಗುತ್ತೆ. ಹಳೇ ಪ್ಲಾಸ್ಟಿಕ್ ಬೂಟು ವಯಸ್ಸಾದರೆ ಒಡೆಯುತ್ತೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಷ್ಟು ವರ್ಷದ್ದು ಅಂತ ಕೇಳಿ.

ಯಾವ ರೆಸಾರ್ಟ್ ಅನ್ನೋದರ ಮೇಲೂ ಇದು ನಿಂತಿದೆ. ನಾನಿರೋದು ಡೆನ್ವರ್ ಕಡೆ. ಲವ್‌ಲ್ಯಾಂಡ್ 90 ಕಿ.ಮೀ. ಆಸುಪಾಸು, ಐಸನ್‌ಹೋವರ್ ಸುರಂಗದ ಬಾಯಲ್ಲೇ ಇದೆ, ಹೆದ್ದಾರಿ ಬೆಟ್ಟದೊಳಗೆ ಅದರಡಿಯೇ ಹೋಗುತ್ತೆ. ಬುಡವೇ 10,800 ಅಡಿ. ಲಿಫ್ಟ್‌ಗಳು ಹೆಚ್ಚಿನವು ನಿಧಾನ, ಗಾಳಿ ಜಾಸ್ತಿ, ಆದರೆ ಕಾರಿನಿಂದ ಲಿಫ್ಟ್‌ಗೆ ನಾಲ್ಕು ಹೆಜ್ಜೆ. ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ. ಕಾಪರ್ ಮೌಂಟನ್‌ನ ಸಮ ಮಾಡಿದ ಇಳಿಜಾರುಗಳು ಇನ್ನೂ ಚೆನ್ನ, ಪೂರ್ವಕ್ಕೆ ಹೋದಷ್ಟೂ ಕಷ್ಟದವು, ಪಶ್ಚಿಮಕ್ಕೆ ಸುಲಭದವು, ಹಾಗಾಗಿ ಮಗಳ ಜೊತೆ ಹೋದರೆ ಯಾವ ಕಡೆ ಅನ್ನೋ ಗೊಂದಲ ಇಲ್ಲ. ಬ್ರೆಕನ್‌ರಿಜ್ ಶನಿವಾರ ಅಂದರೆ ನಮ್ಮೂರ ಜಾತ್ರೆ. ವಿಂಟರ್ ಪಾರ್ಕ್‌ಗೆ ಡೆನ್ವರ್ ಯೂನಿಯನ್ ಸ್ಟೇಷನ್‌ನಿಂದ ರೈಲಿದೆ, ಇಳಿಜಾರಿನ ಬುಡಕ್ಕೇ ಬಿಡುತ್ತೆ, ಅದೊಂದು ಖುಷಿಗೇ ಹೋಗಬಹುದು.

ಕಾರ್ವಿಂಗ್‌ಗೆ ಅಂತಲೇ ಹೋಗೋದಾದರೆ ಆಸ್ಪೆನ್‌ನ ಬಟರ್‌ಮಿಲ್ಕ್. 2002ರಿಂದ ಸಾಹಸ ಕ್ರೀಡೆಗಳ ಎಕ್ಸ್ ಗೇಮ್ಸ್ ನಡೆಯುವ ಜಾಗ ಅಂತ ಹೆಸರು, ಆದರೆ ನಾನು ಹೋದ ಮಾಮೂಲಿ ಮಂಗಳವಾರ ಅಗಲವಾದ ಇಳಿಜಾರೆಲ್ಲ ಖಾಲಿ. ಹಾರ್ಡ್‌ಬೂಟು ಹಾಕಿದವರು ನಾಲ್ಕೈದು ಜನ ಕಂಡರು. ಪಕ್ಕದ ಆಸ್ಪೆನ್ ಮೌಂಟನ್ 2001ರವರೆಗೆ ಸ್ನೋಬೋರ್ಡ್‌ನವರನ್ನು ಒಳಗೇ ಬಿಡುತ್ತಿರಲಿಲ್ಲ. ಯೂಟಾದ ಆಲ್ಟಾ, ಡಿಯರ್ ವ್ಯಾಲಿ ಈಗಲೂ ಬಿಡಲ್ಲ. ಮಡಿ-ಮೈಲಿಗೆ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಬಟರ್‌ಮಿಲ್ಕ್‌ಗೆ ಡೆನ್ವರ್‌ನಿಂದ ನಾಲ್ಕು ಗಂಟೆ ದಾರಿ, ರೂಮಿನ ಬಾಡಿಗೆ ಕೇಳಿದರೆ ಹಿಮವೇ ಬೇಡ ಅನಿಸುತ್ತೆ.

ಹಾರ್ಡ್‌ಬೂಟಿಗೆ ಬೇಕಾದದ್ದು ಅಂಥ ಖಾಲಿ ಇಳಿಜಾರು. ಕಾರ್ವಿಂಗ್ ಮಾಡುವವರು ಇಳಿಜಾರಿನ ಈ ತುದಿಯಿಂದ ಆ ತುದಿಗೆ ಅಡ್ಡ ಬರುತ್ತೇವೆ. ಕೆಳಗಿರುವವರಿಗೆ ದಾರಿ ಬಿಡಬೇಕು ಅನ್ನೋದು ನಿಯಮ, ಆದರೆ ಮೇಲಿಂದ ನೇರ ಬರುವವರಿಗೆ ನಾವು ಯಾವಾಗ ತಿರುಗುತ್ತೇವೆ ಅಂತ ಗೊತ್ತಾಗಲ್ಲ. ಹತ್ತೂವರೆ ಆದರೆ ಜನ ತುಂಬುತ್ತಾರೆ, ಹಿಮ ಗುಡ್ಡೆಗುಡ್ಡೆ ಆಗುತ್ತೆ. ಆಮೇಲೆ ಹಾರ್ಡ್‌ಬೂಟ್ ಹಾಕಿದವರಿಗೆ ಕಾಫಿ ಕುಡಿಯೋದೇ ಕೆಲಸ. ಶನಿವಾರ ಐದಕ್ಕೆ ಎದ್ದು ಐ-70 ಹೆದ್ದಾರಿಯ ಟ್ರಾಫಿಕ್ ದಾಟಿ ಬಂದು, ಎರಡು ಗಂಟೆ ಆಟ. ಸಾಫ್ಟ್‌ಬೂಟಿನಲ್ಲಿ ಬೆಳಗ್ಗೆ ಗೆರೆ ಎಳೆದು, ಹತ್ತೂವರೆ ಮೇಲೆ ಮಗಳ ಹಿಂದೆ ಮರಗಳ ನಡುವೆ ಮಧ್ಯಾಹ್ನದವರೆಗೂ ಸುತ್ತುತ್ತೇನೆ, ಬೂಟು ಬದಲಿಸದೆ.

ದುಡ್ಡಿನ ಲೆಕ್ಕವೂ ಅದೇ ಕಡೆಗಿದೆ. ಬೂಟು, ಬೈಂಡಿಂಗ್ ಹಳೆಯವೇ ಇದ್ದವು. ಅಗಲದ ಬೋರ್ಡಿಗೆ ಸೀಸನ್ ಕೊನೆಯ ಮಾರಾಟದಲ್ಲಿ 420 ಡಾಲರ್. ಹಾರ್ಡ್‌ಬೂಟಿನ ರೇಸ್ ಬೋರ್ಡು ಹೊಸದು ಬೇಕೆಂದರೆ ಬೋರ್ಡೊಂದೇ ಸಾವಿರ ದಾಟುತ್ತೆ. ಮಕ್ಕಳಿಲ್ಲದೆ, ವಾರದ ನಡುವೆ ರಜೆ ಹಾಕಿ, ಮೊದಲ ಲಿಫ್ಟ್ ಹಿಡಿಯಬಲ್ಲವರಾದರೆ ನನ್ನ ಮಾತು ಕೇಳಬೇಡಿ, ಹಾರ್ಡ್‌ಬೂಟೇ ತಗೊಳ್ಳಿ. ಕಾಲಿನ ಸೈಜು ಒಂಬತ್ತಕ್ಕಿಂತ ಕಡಿಮೆಯಿದ್ದರೆ ಎರಡೂ ಬೇಡ, ಇರೋ ಬೋರ್ಡಿನಲ್ಲೇ ಕೋನ ತಿರುಗಿಸಿ ಮೊದಲು ನೋಡಿ, ಖರ್ಚಿಲ್ಲ.

ಗ್ಯಾರೇಜಿನ ಸೆಟ್ಟು ಯಾರಿಗಾದರೂ ಬೇಕಿದ್ದರೆ 450ಕ್ಕೆ ಕೊಡುತ್ತೇನೆ. ಚಮಚ ಮಾತ್ರ ಕೊಡಲಾಗಲ್ಲ, ಅದು ಲವ್‌ಲ್ಯಾಂಡ್‌ನಲ್ಲಿ ಲಿಫ್ಟ್‌ನಿಂದ ಕೆಳಗೆ ಬಿತ್ತು. “ರೀ, ಅಮ್ಮನ ಚಮಚ ಒಂದು ಕಾಣ್ತಿಲ್ಲ” ಅಂತ ಮನೆಯಲ್ಲಿ ಇನ್ನೂ ಹುಡುಕುತ್ತಿದ್ದಾರೆ. ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆ ಒಂದು ಸಲ ಹೋಗಿ ನೋಡಿ ಬರಬೇಕು.