ಕಾಫಿ ಕ್ಯೂರಿಂಗ್ ವರ್ಕ್ಸ್ ಕೆಲಸ: ಹಲವು ಸೀಸನ್ ಬಳಸಿದ ಮೇಲಿನ ವಿಮರ್ಶೆ

ಮಿಕ್ಸಿ ಕೊಂಡ ವಾರಕ್ಕೇ ವಿಮರ್ಶೆ ಬರೆಯುವ ನಾವು, ದಿನದ ಮುಕ್ಕಾಲು ಹೊತ್ತು ನುಂಗುವ ಕೆಲಸದ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಅದಕ್ಕೇ ಇದು. ನಾನಿರುವುದು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ದರ್ಜೆ ಮಾಡುವ ಕಾರ್ಖಾನೆಯ, ಸ್ಯಾಂಪಲ್ ಕೋಣೆಯಲ್ಲಿ. ಬೆಳೆಗಾರರ ಮೂಟೆಯಿಂದ ಸ್ಯಾಂಪಲ್ ತೆಗೆಯುವುದು, ತೇವಾಂಶ ನೋಡುವುದು, ಸಿಪ್ಪೆ ಬಿಡಿಸಿ ಔಟ್‌ಟರ್ನ್ (ಎಷ್ಟು ಶುದ್ಧ ಬೀಜ ಸಿಕ್ಕಿತೆಂಬ ಲೆಕ್ಕ) ಬರೆಯುವುದು ನನ್ನ ಪಾಲಿನ ಕೆಲಸ. ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ.

ಜನವರಿಯಲ್ಲಿ ಕೇಳಿದ್ದರೆ ಒಂದು ಕೊಡುತ್ತಿದ್ದೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು, ಗೇಟಿನಾಚೆ ಪಿಕಪ್ ಸಾಲು, ಒಳಗೆ ದೂಳು. 50 ಕೆ.ಜಿ. ಚೆರಿಗೆ, ಅಂದರೆ ಹಣ್ಣಿನ ಸಮೇತ ಒಣಗಿಸಿದ ಕಾಫಿಗೆ, ಶುದ್ಧ ಬೀಜ 26 ಕೆ.ಜಿ. ಬರುತ್ತೋ 27 ಬರುತ್ತೋ ಎನ್ನುವುದರ ಮೇಲೆ ಮೂಟೆಯ ಬೆಲೆ ನಿಂತಿರುತ್ತದೆ. ಹಾಗಾಗಿ ನನ್ನ ಕಾಗದದ ಒಂದು ಅಂಕಿಗೆ ಎದುರಿಗಿರುವವರ ಮುಖವೇ ಬದಲಾಗುತ್ತದೆ. 'ಕಣದಲ್ಲಿ ಚೆನ್ನಾಗಿ ಒಣಗಿಸಿದ್ದೀವಿ ಮಾರಾಯ, ಇನ್ನೊಂದ್ಸಲ ನೋಡು' ಅಂತಾರೆ. ತೇವಾಂಶದ ಮೀಟರ್ ಶೇಕಡ ಹದಿಮೂರು ತೋರಿಸುತ್ತಿರುತ್ತದೆ. ರೋಬಸ್ಟಾ ಚೆರಿಗೆ ಬೇಕಾದ್ದು 11ರ ಆಸುಪಾಸು. ಅಂಥ ಸಂಜೆ ರಾಜೀನಾಮೆ ಬರೆಯದವರು ನಮ್ಮಲ್ಲಿ ಯಾರೂ ಇಲ್ಲ, ಕೊಟ್ಟವರು ಕಡಿಮೆ.

ಆಗಸ್ಟಿನಲ್ಲಿ ಕೇಳಿದ್ದರೆ ಐದು. ಹೊರಗೆ ಮಳೆ, ಒಳಗೆ ಬಿಸಿ ಕಾಫಿ, ಆರಿಸುವ ಹೆಂಗಸರ ಹರಟೆ, ಐದೂವರೆಗೆ ಮನೆ. ಈ ಐದನ್ನೂ ನಂಬಬಾರದು. ಸುಖವಾಗಿದೆ ಅನ್ನಿಸುವುದಕ್ಕೂ ಒಗ್ಗುತ್ತದೆ ಅನ್ನುವುದಕ್ಕೂ ವ್ಯತ್ಯಾಸವಿದೆ. ನಾನು ಲೆಕ್ಕ ಹಾಕುವುದು ಏಪ್ರಿಲ್-ಮೇನಲ್ಲಿ: ಸುಸ್ತು ಇಳಿದಿರುತ್ತದೆ, ಸೋಮಾರಿತನ ಇನ್ನೂ ಹತ್ತಿರುವುದಿಲ್ಲ. ಆಗ ಕೇಳಿಕೊಳ್ಳುವುದು ಒಂದೇ: ಹೋದ ಸೀಸನ್‌ನಲ್ಲಿ ಗೊತ್ತಿಲ್ಲದ್ದು ಈ ಸೀಸನ್‌ನಲ್ಲಿ ಏನು ಗೊತ್ತಾಯಿತು? ಮೊದಮೊದಲು ಉತ್ತರ ಉದ್ದ ಇರುತ್ತಿತ್ತು. ಹುಳಿ ಹಿಡಿದ ಬೀಜ ಮೂಗಿಗೇ ತಿಳಿಯುವುದು, ಪೀಬೆರಿಯನ್ನು (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಬೆರಳಲ್ಲೇ ಗುರುತಿಸುವುದು, ಒಣಗಿದ್ದು ಸಾಲದೆಂದು ಕಚ್ಚಿ ಹೇಳುವುದು. ಈಚೆಗೆ ಉತ್ತರ ಗಿಡ್ಡವಾಗಿದೆ. ಕಳೆದ ಒಂದೂವರೆ ಅಂಕ ಅಲ್ಲಿ ಹೋಯಿತು.

ಸಂಬಳದ ಬಗ್ಗೆ ಹೆಚ್ಚಿಲ್ಲ. ಬೆಂಗಳೂರಿನಷ್ಟಿಲ್ಲ, ಬೆಂಗಳೂರಿನ ಬಾಡಿಗೆಯೂ ಇಲ್ಲ.

ಆದರೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. 'ಬಿಟ್ಟರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡುಗಂಟು) ಹೋಗುತ್ತೆ' ಎಂದು ಕೂತವರು ನಮ್ಮ ಷೆಡ್ಡಿನಲ್ಲೇ ಇದ್ದಾರೆ. ಕಾಯಂ ನೌಕರರು ಸತತ 5 ವರ್ಷ ದುಡಿದಿದ್ದರೆ ತಾವಾಗಿ ಬಿಟ್ಟರೂ ಅದು ಸಿಗುತ್ತದೆ. ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿ 26,000 ಇದ್ದರೆ ದುಡಿದ ಪ್ರತಿ ವರ್ಷಕ್ಕೆ 15,000. 26ರಿಂದ ಭಾಗಿಸಿ 15ರಿಂದ ಗುಣಿಸುವ ಲೆಕ್ಕ. ಪಿಎಫ್ ಕೂಡ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಜೊತೆ ಹೊಸ ಕಡೆಗೆ ವರ್ಗವಾಗುತ್ತದೆ. ಪಿಂಚಣಿಗೆ ಮಾತ್ರ ಒಟ್ಟು 10 ವರ್ಷದ ಸೇವೆ ಬೇಕು. ಅದು ಒಂದೇ ಕಡೆಯದಾಗಬೇಕೆಂದಿಲ್ಲ. ಉಳಿಯಲು ಬೇರೆ ಕಾರಣಗಳಿರಬಹುದು, ಈ ಹೆದರಿಕೆ ಕಾರಣವಾಗಬೇಕಿಲ್ಲ.

ಬದಲಿ ಏನಿದೆ ಅಂದರೆ, ಊರಲ್ಲಿ ಎಲ್ಲರ ಬಾಯಲ್ಲೂ ಹೋಂಸ್ಟೇ ಮ್ಯಾನೇಜರ್ ಕೆಲಸ. ಮುಳ್ಳಯ್ಯನಗಿರಿಗೆ ಬರುವ ಜನ ನೋಡಿದರೆ ಆಸೆಯಾಗುವುದು ಸಹಜ. ಆದರೆ ಶನಿವಾರ-ಭಾನುವಾರ ಮನೆಯಲ್ಲಿರಬೇಕು ಅನ್ನುವವರಿಗೆ ಅದು ಆಗಿಬರುವುದಿಲ್ಲ, ನನಗಂತೂ ಇಲ್ಲ. ಅಮ್ಮನ ಅಭಿಪ್ರಾಯ ಬೇರೆ: 'ಇರೋ ಕೆಲ್ಸ ಬಿಟ್ಟು ಇನ್ನೊಂದು ಹುಡುಕ್ಬೇಡ, ಇದ್ದುಕೊಂಡೇ ಹುಡುಕು.' ಕನ್ಸಲ್ಟೆನ್ಸಿಯವರು ದುಡ್ಡು ತಗೊಂಡು ಹೇಳುವುದೂ ಇದನ್ನೇ.

ನನ್ನ ಕಣ್ಣಿರುವುದು ರುಚಿ ನೋಡುವ ಕಡೆ, ಅಂದರೆ ಕಪ್ಪಿಂಗ್. ಬೀಜ ನೋಡಿ ದರ್ಜೆ ಹೇಳುವವನಿಗೆ ಕಪ್ಪಿನಲ್ಲಿ ಅದೇನಾಗುತ್ತದೆಂದು ಗೊತ್ತಿಲ್ಲದಿದ್ದರೆ ಅರ್ಧ ವಿದ್ಯೆ. ಕಾಫಿ ಬೋರ್ಡ್ ನಡೆಸುವ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ, ಅದಕ್ಕೆ ಕೆಲಸ ಬಿಟ್ಟೇ ಹೋಗಬೇಕು. 'ಕಾಪಿ ಶಾಸ್ತ್ರ' ಎಂಬ ಸಣ್ಣ ತರಬೇತಿಯಾದರೆ ರಜೆ ಹಾಕಿದರೂ ಸಾಕು. ಮಾಲೀಕರನ್ನು ಕೇಳಿದ್ದೇನೆ: ಮಳೆಗಾಲದಲ್ಲಿ ತರಬೇತಿಗೆ ಕಳಿಸಿ, ವಾಪಸ್ ಬಂದ ಮೇಲೆ ಕಪ್ಪಿಂಗ್ ಮೇಜು ನನಗೆ ಬಿಡಿ. 'ನೋಡೋಣ' ಅಂದಿದ್ದಾರೆ. ನವೆಂಬರಿನ ಮೊದಲ ಮೂಟೆ ಇಳಿಯುವ ಹೊತ್ತಿಗೂ 'ನೋಡೋಣ'ವೇ ಆಗಿದ್ದರೆ, ಆ ಸೀಸನ್ ಮುಗಿಸಿಕೊಟ್ಟು ನೋಟಿಸ್ ಕೊಡುತ್ತೇನೆ, ನಟ್ಟನಡುವೆ ಬಿಟ್ಟುಹೋಗುವುದಿಲ್ಲ.