ಜೆಫೇಸ್ ಟ್ರೀವ್ಯೂವರ್‌ನಲ್ಲಿ ಸೆಲ್ ಎಡಿಟಿಂಗ್: ಏಳು ವರ್ಷಗಳ ಬಳಕೆಯ ಅನುಭವ

ಕಟ್ಟಡ ಕಾಮಗಾರಿಯ ಅಂದಾಜು ಪಟ್ಟಿ ತಯಾರಿಸುವ ಡೆಸ್ಕ್‌ಟಾಪ್ ತಂತ್ರಾಂಶವೊಂದರಲ್ಲಿ ನಾನು ಎಕ್ಲಿಪ್ಸ್ ಎಂಬ ಜಾವಾ ವೇದಿಕೆಯ ಜೆಫೇಸ್ ಲೈಬ್ರರಿಯಲ್ಲಿರುವ ಟ್ರೀವ್ಯೂವರನ್ನು (ಸಾಲುಗಳನ್ನು ಮರದ ಕೊಂಬೆಗಳಂತೆ ಒಂದರೊಳಗೊಂದು ತೋರಿಸುವ ಪಟ್ಟಿ) ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಅಂತಸ್ತಿನ ಕೆಳಗೆ ಕೆಲಸಗಳು, ಕೆಲಸದ ಕೆಳಗೆ ಸಾಮಗ್ರಿಗಳು, ಪಕ್ಕದ ಕಾಲಂಗಳಲ್ಲಿ ಪ್ರಮಾಣ, ಘಟಕ, ದರ ಮತ್ತು ಮೊತ್ತ ಇರುತ್ತವೆ. ಬೇರೆ ವಿಂಡೋ ತೆರೆಯದೆ ಆಯಾ ಸೆಲ್‌ನಲ್ಲಿಯೇ ದರವನ್ನು ತಿದ್ದುವಂತಿರಬೇಕು ಎಂಬುದು ಬಳಕೆದಾರರ ಮೊದಲ ಬೇಡಿಕೆಯಾಗಿತ್ತು.

ಇದಕ್ಕೆ ಜೆಫೇಸ್ ಕೊಡುವ ಎಡಿಟಿಂಗ್‌ಸಪೋರ್ಟ್ ಎಂಬ ಕ್ಲಾಸ್ ನನಗೆ ಇಂದಿಗೂ ಮೆಚ್ಚುಗೆಯಾಗಿದೆ. ಈ ಸೆಲ್ ತಿದ್ದಬಹುದೇ, ಯಾವ ಎಡಿಟರ್ ತೆರೆಯಬೇಕು, ಅದರಲ್ಲಿ ಯಾವ ಮೌಲ್ಯ ತೋರಿಸಬೇಕು, ತಿದ್ದಿದ ಮೌಲ್ಯವನ್ನು ಎಲ್ಲಿ ಉಳಿಸಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಕ್ರಮವಾಗಿ ಕ್ಯಾನ್‌ಎಡಿಟ್, ಗೆಟ್‌ಸೆಲ್‌ಎಡಿಟರ್, ಗೆಟ್‌ವ್ಯಾಲ್ಯೂ, ಸೆಟ್‌ವ್ಯಾಲ್ಯೂ ಎಂಬ ನಾಲ್ಕು ಮೆಥಡ್‌ಗಳು ಉತ್ತರಿಸುತ್ತವೆ. ಪ್ರತಿ ಕಾಲಂಗೂ ಪ್ರತ್ಯೇಕವಾಗಿ ಬರೆಯುವುದರಿಂದ ಕೋಡ್ ಗೋಜಲಾಗುವುದಿಲ್ಲ. ಅಂತಸ್ತಿನ ಸಾಲಿನ ಮೊತ್ತ ಲೆಕ್ಕದಿಂದ ಬರುವಂಥದ್ದಾದ್ದರಿಂದ ಅಲ್ಲಿ ಕ್ಯಾನ್‌ಎಡಿಟ್ ‘ಇಲ್ಲ’ ಎಂದರೆ ಸಾಕು.

ನಾನು ಹೆಚ್ಚು ಪೆಟ್ಟು ತಿಂದದ್ದು ಮೌಲ್ಯ ಪರಿಶೀಲನೆಯಲ್ಲಿ. ಒಬ್ಬ ಬಳಕೆದಾರರು ದರವನ್ನು ಕನ್ನಡ ಅಂಕಿಗಳಲ್ಲಿ ‘೧೮೫೦’ ಎಂದು ಬರೆದು ಎಂಟರ್ ಒತ್ತಿದಾಗ ಸೆಲ್ ಖಾಲಿಯಾಯಿತು, ಹಿಂದಿನ ದರವೂ ಅಳಿಸಿಹೋಯಿತು. ಪಠ್ಯವನ್ನು ಸಂಖ್ಯೆಯಾಗಿಸುವ ಜಾವಾದ ಡಬಲ್.ಪಾರ್ಸ್‌ಡಬಲ್ ಕನ್ನಡ ಅಂಕಿಗಳನ್ನು ಒಪ್ಪುವುದಿಲ್ಲವಾದ್ದರಿಂದ ನನ್ನ ವ್ಯಾಲಿಡೇಟರ್ (ಮೌಲ್ಯ ಪರಿಶೀಲಿಸುವ ಕೋಡ್) ಆ ಮೌಲ್ಯವನ್ನು ತಿರಸ್ಕರಿಸಿತ್ತು. ಆದರೆ ತಿರಸ್ಕೃತ ಮೌಲ್ಯ ಇದ್ದಾಗ ಎಡಿಟರ್‌ನ ಗೆಟ್‌ವ್ಯಾಲ್ಯೂ ‘ನಲ್’ (ಮೌಲ್ಯವೇ ಇಲ್ಲ ಎಂಬ ಸೂಚನೆ) ಕೊಡುತ್ತದೆ, ಆ ನಲ್ ನೇರವಾಗಿ ಸೆಟ್‌ವ್ಯಾಲ್ಯೂಗೆ ತಲುಪುತ್ತದೆ. ನಾನು ಅದನ್ನು ತಡೆಯದೆ ಹಾಗೆಯೇ ಉಳಿಸಿದ್ದೆ. ಈಗ ಸೆಟ್‌ವ್ಯಾಲ್ಯೂದ ಮೊದಲ ಸಾಲಿನಲ್ಲಿಯೇ ನಲ್ ಪರೀಕ್ಷೆ ಇದೆ, ಕನ್ನಡ ಅಂಕಿಗಳನ್ನು ಜಾವಾದ ಕ್ಯಾರೆಕ್ಟರ್.ಡಿಜಿಟ್ ಮೂಲಕ ಒಂದೊಂದಾಗಿ ಸಂಖ್ಯೆಗೆ ಪರಿವರ್ತಿಸುತ್ತೇನೆ. ವ್ಯಾಲಿಡೇಟರ್‌ನ ದೋಷ ಸಂದೇಶವೂ ತಾನಾಗಿ ತೆರೆಯ ಮೇಲೆ ಬರುವುದಿಲ್ಲ, ಅದನ್ನು ತೋರಿಸುವ ಹೊಣೆ ನಮ್ಮದೇ.

ಘಟಕದ ಕಾಲಂನಲ್ಲಿ ಆಯ್ಕೆಪಟ್ಟಿ ತೋರಿಸುವ ಕಾಂಬೋಬಾಕ್ಸ್‌ಸೆಲ್‌ಎಡಿಟರ್ ಹಾಕಿದ್ದೆ. ಅದು ‘ಘನ ಮೀಟರ್’ ಎಂಬ ಪದದ ಬದಲು ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆಯನ್ನು ಕೇಳುತ್ತದೆ. ಮೌಲ್ಯವನ್ನೇ ನೇರವಾಗಿ ಒಪ್ಪುವ ಕಾಂಬೋಬಾಕ್ಸ್‌ವ್ಯೂವರ್‌ಸೆಲ್‌ಎಡಿಟರ್‌ಗೆ ಬದಲಾಯಿಸಿದ ಮೇಲೆ ಆ ತೊಡಕು ತಪ್ಪಿತು.

ಮರದ ರಚನೆಯಿಂದಾಗಿ ಇನ್ನೊಂದು ಎಚ್ಚರ ಬೇಕಾಗುತ್ತದೆ. ಮರಳಿನ ದರ ತಿದ್ದಿದ ನಂತರ ಆ ಸಾಲನ್ನು ಮಾತ್ರ ಅಪ್‌ಡೇಟ್ ಮಾಡಿದರೆ ಮೇಲಿನ ಕೆಲಸದ ಮತ್ತು ಅಂತಸ್ತಿನ ಮೊತ್ತಗಳು ತೆರೆಯ ಮೇಲೆ ಹಳೆಯವೇ ಉಳಿಯುತ್ತವೆ. ಇಡೀ ಮರವನ್ನು ರಿಫ್ರೆಶ್ ಮಾಡುವುದು ಸುಲಭದ ದಾರಿಯಾದರೂ ದೊಡ್ಡ ಪಟ್ಟಿಯಲ್ಲಿ ಅದು ನಿಧಾನ. ತಿದ್ದಿದ ಸಾಲಿನಿಂದ ಬೇರಿನವರೆಗೆ (ಎಲ್ಲಕ್ಕಿಂತ ಮೇಲಿನ ಸಾಲಿನವರೆಗೆ) ಒಂದೊಂದೇ ಮೇಲಿನ ಸಾಲನ್ನು ಅಪ್‌ಡೇಟ್ ಮಾಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಮೂಲದಲ್ಲಿ ಒಂದೇ ಕ್ಲಿಕ್‌ಗೆ ಎಡಿಟರ್ ತೆರೆದುಕೊಳ್ಳುತ್ತದೆ. ಸಾಲನ್ನು ಆರಿಸಲು ಹೋದವರು ತಿಳಿಯದೆ ದರ ಬದಲಿಸಿಬಿಡುವ ಅಪಾಯವಿರುವುದರಿಂದ, ಎಡಿಟರ್ ಯಾವಾಗ ತೆರೆಯಬೇಕೆಂದು ನಿರ್ಧರಿಸುವ ಆಕ್ಟಿವೇಶನ್ ಸ್ಟ್ರಾಟೆಜಿಯನ್ನು ಬದಲಿಸಿ ಡಬಲ್ ಕ್ಲಿಕ್ ಮತ್ತು ಎಫ್2 ಕೀಗೆ ಮಾತ್ರ ಅವಕಾಶ ಕೊಟ್ಟೆ. ಹಾಗೆ ಮಾಡುವಾಗ ಟ್ರಾವರ್ಸಲ್ (ಕೀ ಒತ್ತಿ ಸೆಲ್‌ನಿಂದ ಸೆಲ್‌ಗೆ ಸಾಗುವುದು) ಎಂಬ ಬಗೆಯನ್ನು ಸೇರಿಸಲು ಮರೆತದ್ದರಿಂದ ಟ್ಯಾಬ್ ಒತ್ತಿದರೆ ಮುಂದಿನ ಸೆಲ್ ತೆರೆಯದಾಯಿತು. ಅದನ್ನು ಸೇರಿಸಿ, ಟ್ಯಾಬ್ ಕೆಳಮುಖವಾಗಿ ಸಾಗುವ ಆಯ್ಕೆಯನ್ನೂ ಕೊಟ್ಟ ಮೇಲೆ, ದರಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮೌಸ್ ಮುಟ್ಟದೆ ಒಂದರ ಕೆಳಗೊಂದು ದರ ತುಂಬಲು ಸಾಧ್ಯವಾಗಿದೆ.