ಪೈನ್‌ಸಿಲ್‌ಗೆ ಸ್ಪ್ರಿಂಗ್ ಸ್ಟ್ಯಾಂಡ್: ಪ್ರಿಂಟ್ ಮಾಡಿದ ಅಡಾಪ್ಟರ್ ಬಾಳಿಕೆಯಲ್ಲಿ ಹೇಗಿದೆ?

ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸ್ಪಾಂಜ್ ತಟ್ಟೆಯ ಸ್ಪ್ರಿಂಗ್ ಸ್ಟ್ಯಾಂಡ್ ದಪ್ಪ ಹಿಡಿಕೆಯ 25 ವ್ಯಾಟ್ ಸೋಲ್ಡರಿಂಗ್ ಐರನ್‌ಗೆಂದೇ ಇರುವುದು. ಅದರಲ್ಲಿ ಪೈನ್‌ಸಿಲ್ ಎಂಬ ತೆಳು ಹಿಡಿಕೆಯ ಸೋಲ್ಡರಿಂಗ್ ಐರನ್ ಇಟ್ಟರೆ ಹಿಡಿಕೆಯೂ ಒಳಕ್ಕೆ ಜಾರುತ್ತದೆ, ಬಿಟ್ (ಕಾಯುವ ತುದಿ) ಸ್ಪ್ರಿಂಗ್‌ಗೆ ತಾಗಿ ಶಾಖ ಸೋರಿಹೋಗುತ್ತದೆ. ಸ್ಪ್ರಿಂಗ್‌ನ ಬಾಯಿಗೆ ಕೂರುವ ಒಂದು ಬಳೆಯನ್ನು ಅಡಾಪ್ಟರ್ ಆಗಿ 3ಡಿ ಪ್ರಿಂಟ್ ಮಾಡಿಕೊಂಡರೆ ಇದು ಸರಿಹೋಗುತ್ತದೆ. ತಿಂಗಳುಗಟ್ಟಲೆ ಬಳಸಿದ ಮೇಲೂ ಈ ಉಪಾಯ ನಿಲ್ಲುತ್ತದೆ. ಆದರೆ ಯಾವ ಪ್ಲಾಸ್ಟಿಕ್, ಯಾವ ಆಕಾರ ಎಂಬುದರಲ್ಲೇ ಎಲ್ಲವೂ ಇದೆ.

ಹಿಡಿಕೆಗೆ ತಕ್ಕ ರಂಧ್ರವಿರುವ ಗಟ್ಟಿ ಮುಚ್ಚಳ ಮಾಡುವುದು ಹೆಚ್ಚಿನವರ ಮೊದಲ ವಿನ್ಯಾಸ. ಅದು ಕೆಡುವುದು ಬಿಟ್ ತಾಗಿ ಅಲ್ಲ, ಗಾಳಿಯಿಂದ. ಐರನ್ ಓರೆಯಾಗಿ ತಲೆ ಕೆಳಗಾಗಿ ಇರುತ್ತದೆ. ಬಿಟ್‌ನಿಂದ ಎದ್ದ ಬಿಸಿ ಗಾಳಿ ಸ್ಪ್ರಿಂಗ್ ಒಳಗೇ ಏರಿ ಬಂದು ಮುಚ್ಚಳದ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. 3ಡಿ ಪ್ರಿಂಟಿಂಗ್‌ಗೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುವುದರಿಂದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ ಐರನ್ ವಾಲುತ್ತದೆ. ಬೇರೆ ಪ್ಲಾಸ್ಟಿಕ್‌ಗಳಾದ ಪಿಇಟಿಜಿ ಸುಮಾರು 80, ಎಬಿಎಸ್ ಸುಮಾರು 105 ಡಿಗ್ರಿಯವರೆಗೆ ತಡೆಯುತ್ತವೆ. ಪ್ರಿಂಟರ್‌ಗೆ ಮುಚ್ಚಿದ ಪೆಟ್ಟಿಗೆ ಇದ್ದರೆ ಎಬಿಎಸ್ ಬಳಸಿ. ಇಲ್ಲದಿದ್ದರೆ ಪಿಇಟಿಜಿ ಸಾಕು, ಗಾಳಿಗೆ ದಾರಿ ಬಿಟ್ಟಿದ್ದರೆ ಮಾತ್ರ.

ಆ ದಾರಿಗಾಗಿ ಬಳೆ ಸುತ್ತಲೂ ಸ್ಪ್ರಿಂಗ್‌ಗೆ ತಾಗದೆ ಮೂರು ಏಣುಗಳ (ಹೊರಚಾಚಿದ ಪಟ್ಟಿಗಳ) ಮೇಲೆ ನಿಲ್ಲಬೇಕು. ಏಣಿನ ಅಗಲ 4 ಮಿ.ಮೀ. ಇರಲಿ, ನಡುವೆ ತೆರಪು ಬಿಡಿ. ಸ್ಪ್ರಿಂಗ್ ಸುರುಳಿಯಾದ್ದರಿಂದ ಅದರ ಬಾಯಿ ಸಮತಟ್ಟಾಗಿರುವುದಿಲ್ಲ. ಚಪ್ಪಟೆ ಅಂಚು ಕೂರಿಸಿದರೆ ತಂತಿ ಮುಗಿಯುವ ಜಾಗದಲ್ಲಿ ಓರೆಯಾಗುತ್ತದೆ. ಪ್ರತಿ ಏಣಿನಲ್ಲೂ ತಂತಿಯ ದಪ್ಪಕ್ಕಿಂತ 0.4 ಮಿ.ಮೀ. ಹೆಚ್ಚಿನ ಕಚ್ಚು ಕೊಟ್ಟು, ಒಂದೊಂದನ್ನೂ ಸುರುಳಿಯ ಏರಿಕೆಗೆ ತಕ್ಕಷ್ಟು ಮೇಲಕ್ಕೆ ಇಟ್ಟರೆ ಬಳೆಯನ್ನು ಸ್ಪ್ರಿಂಗ್‌ಗೆ ತಿರುಚಿಯೇ ಹಾಕಬಹುದು. ಸ್ಕ್ರೂ ಬೇಡ, ಅಂಟೂ ಬೇಡ. ಈ ಇಡೀ ವಿನ್ಯಾಸದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಇದೇ. ಎಂ3 (3 ಮಿ.ಮೀ.) ಬೋಲ್ಟ್ ಹಾಕಿ ಬಿಗಿಯುವ ವಿನ್ಯಾಸಗಳಲ್ಲಿ ಬಿಸಿಗೆ ಪಿಇಟಿಜಿ ನಿಧಾನವಾಗಿ ಒತ್ತಿಕೊಂಡು ಬೋಲ್ಟ್ ಸಡಿಲವಾಗುತ್ತಲೇ ಇರುತ್ತದೆ.

ಹಿಡಿಕೆಯನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ರಂಧ್ರಕ್ಕೆ 0.3 ಮಿ.ಮೀ. ಸಡಿಲ ಸಾಕೆಂದು ಅನ್ನಿಸುತ್ತದೆ, ಆದರೆ ಹಿಡಿಕೆಯ ಸಿಲಿಕೋನ್ ಪ್ಲಾಸ್ಟಿಕ್‌ಗೆ ಅಂಟಿಕೊಂಡಂತೆ ಹಿಡಿಯುತ್ತದೆ. ಒಂದೇ ಕೈಯಲ್ಲಿ ಐರನ್ ಎತ್ತಿದರೆ ಸ್ಟ್ಯಾಂಡೂ ಜೊತೆಗೆ ಏಳುತ್ತದೆ. 0.8ರಿಂದ 1 ಮಿ.ಮೀ. ಸಡಿಲ ಕೊಡಿ. ಓಪನ್‌ಸ್ಕ್ಯಾಡ್‌ನಲ್ಲಿ (ಕೋಡ್ ಬರೆದು 3ಡಿ ಆಕಾರ ರೂಪಿಸುವ ತಂತ್ರಾಂಶ) ಬರೆಯುವವರು ಇನ್ನೊಂದು ಗಮನಿಸಬೇಕು: ಅಲ್ಲಿ ವೃತ್ತವೆಂದರೆ ಬಹುಭುಜ. 20 ಮಿ.ಮೀ. ರಂಧ್ರಕ್ಕೆ 30 ಬದಿ ಕೊಟ್ಟರೆ ಎದುರುಬದುರು ಬದಿಗಳ ಅಂತರ 19.89ಕ್ಕೆ ಇಳಿಯುತ್ತದೆ, ಪ್ರಿಂಟರ್ ಇನ್ನಷ್ಟು ಕಿರಿದು ಮಾಡುತ್ತದೆ. ಪೂರ್ತಿ ಬಳೆಗೆ ಮುಂಚೆ 5 ಮಿ.ಮೀ. ಎತ್ತರದ ತುಂಡೊಂದನ್ನು ಪ್ರಿಂಟ್ ಮಾಡಿ ಹಿಡಿಕೆ ತೂರಿಸಿ ನೋಡಿ.

ರಂಧ್ರದ ಬಾಯಿಯನ್ನು ಆಲಿಕೆಯಂತೆ ಅಗಲಿಸಲೇಬೇಕು. ಬೋರ್ಡ್ ಮೇಲೆ ಕಣ್ಣಿಟ್ಟು ಐರನ್ ವಾಪಸ್ ಇಡುವಾಗ 350 ಡಿಗ್ರಿಯ ಬಿಟ್ ಅಂಚಿಗೆ ತಗುಲಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಮೆತ್ತಿ, ಅಲ್ಲಿ ಬೆಸುಗೆಯ ಸೀಸ ಹಿಡಿಯುವುದಿಲ್ಲ. ಆಲಿಕೆಯ ಒಳಗೆ ತೆಳು ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಈ ಕಾಟ ತಪ್ಪುತ್ತದೆ.

ಪ್ರಿಂಟ್ ಮಾಡುವಾಗ ಬಳೆಯನ್ನು ಮಲಗಿಸಿ, ಗೋಡೆ 4 ಸುತ್ತು ಕೊಡಿ. ಪ್ರಿಂಟರ್‌ನ ಬೆಡ್‌ಗೆ (ತಳದ ತಟ್ಟೆಗೆ) ತಾಗುವ ಅಂಚಿಗೆ 0.5 ಮಿ.ಮೀ. ಓರೆ ಕೊಡದಿದ್ದರೆ ಮೊದಲ ಪದರ ಹರಡಿ ರಂಧ್ರ ಬಿಗಿಯಾಗುತ್ತದೆ.

ಬಳಕೆಯಲ್ಲಿ ಕಾಣುವ ಕೊರತೆ ಒಂದಿದೆ. ಪೈನ್‌ಸಿಲ್ ಅಲುಗಾಡದಿದ್ದಾಗ ತಾನೇ ತಾಪ ಇಳಿಸಿಕೊಳ್ಳುತ್ತದೆ; ಸಡಿಲ ರಂಧ್ರದಲ್ಲಿ ಮೇಜಿನ ಕಂಪನಕ್ಕೆ ಅದು ಮತ್ತೆ ಎಚ್ಚರಗೊಂಡು ಬಿಸಿಯಾಗುತ್ತಿರುತ್ತದೆ. ಪೈನ್‌ಸಿಲ್ ಒಳಗಿನ ತಂತ್ರಾಂಶವಾದ ಐರನ್‌ಓಎಸ್‌ನ ಸೆಟ್ಟಿಂಗ್‌ನಲ್ಲಿ ಚಲನೆಯ ಸೂಕ್ಷ್ಮತೆಯನ್ನು ಒಂದೆರಡು ಹಂತ ಇಳಿಸಿ, ಸ್ಟ್ಯಾಂಡ್‌ನ ಅಡಿಗೆ ರಬ್ಬರ್ ತುಂಡು ಅಂಟಿಸಿದರೆ ಈ ಕಾಟ ನಿಲ್ಲುತ್ತದೆ.